ಅಂಕಣದ ಲೆಕ್ಕ, ಘನ ಅಡಿಯ ಲೆಕ್ಕ

ಚಿತ್ರದುರ್ಗ, ಹಿರಿಯೂರು ಸೀಮೆಯಲ್ಲಿ ಹಳೆಯ ಮಾಳಿಗೆ ಮನೆ ಮಾರಾಟಕ್ಕೆ ಬಂದರೆ ಅದನ್ನು ಮನೆಯೆಂದೇ ಕೊಳ್ಳುವವರು ವಿರಳ. ಜಾಗ ಒಬ್ಬರ ಪಾಲು. ಕಂಬ, ತೊಲೆ, ಬಾಗಿಲು ಮರದ ವ್ಯಾಪಾರಿಯ ಪಾಲು. ಗೋಡೆ ಯಾರಿಗೂ ಬೇಡ. ಹಿಂದೆ ಮನೆಯ ಅಳತೆ ಅಂಕಣದಲ್ಲಿತ್ತು. ಕಂಬದಿಂದ ಕಂಬಕ್ಕೆ ಒಂದಂಕಣ. ದನ ಕಟ್ಟಲು ಎಷ್ಟು, ಪಡಸಾಲೆಗೆ ಎಷ್ಟು, ಅಡುಗೆಗೆ ಎಷ್ಟು ಎಂಬುದರಲ್ಲೇ ಆ ಮನೆತನದ ಬೇಸಾಯವೂ ಬಾಳ್ವೆಯೂ ತಿಳಿಯುತ್ತಿತ್ತು. ಈಗ ಅಳೆಯುವುದು ಮರದ ಘನ ಅಡಿಯನ್ನು. ಆದರೆ ಈ ಬಯಲುಸೀಮೆಯ ಮನೆಗಳ ಚರಿತ್ರೆ ಹೆಚ್ಚಾಗಿ ಉಳಿದಿರುವುದು ಬೆಲೆಯೇ ಇಲ್ಲದ ಮಣ್ಣಿನಲ್ಲಿ.

ಮಾಳಿಗೆಯನ್ನೇ ನೋಡಿ. ತೊಲೆಯ ಮೇಲೆ ಜಂತೆ, ಅದರ ಮೇಲೆ ಬಂದರೆಯೆಂಬ ಗಿಡದಂಥವುಗಳ ಸೊಪ್ಪಿನ ಹಾಸು, ಎಲ್ಲಕ್ಕಿಂತ ಮೇಲೆ ನೀರು ಇಳಿಯಗೊಡದ ಕರ್ಲು ಮಣ್ಣು. ನಡುವೆ ಬೆಳಕಿಗೂ ಹೊಗೆಗೂ ಗವಾಕ್ಷಿ. ಮುಂಗಾರಿಗೆ ಮುಂಚೆ ಹೊಸ ಕರ್ಲು ಹಾಕಿ ತುಳಿದು ಗಟ್ಟಿ ಮಾಡಬೇಕು. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಕಡೆ ಹೊಳೆದ ಉಪಾಯವಿದು. ಮಣ್ಣು ಬಾಳುವುದಿಲ್ಲ ಎನ್ನುವವರು ದುರ್ಗದ ಕೋಟೆ ಹತ್ತಬೇಕು. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ಕೋಟೆ ಗೆದ್ದು ಎರಡು ಶತಮಾನ ಕಳೆದರೂ ಅರಮನೆ, ಟಂಕಸಾಲೆಗಳ ಮಣ್ಣಿನ ಗೋಡೆಗಳು ಸೂರಿಲ್ಲದೆಯೇ ನಿಂತಿವೆ.

ವ್ಯಾಪಾರಿ ಕೊಳ್ಳದಿದ್ದರೆ ಮರ ಗೆದ್ದಲಿಗೆ ಹೋಗುತ್ತಿತ್ತಲ್ಲ ಎನ್ನಬಹುದು. ನಿಜವೇ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿ ಹಸ್ತಶಿಲ್ಪ ಪರಂಪರೆ ಗ್ರಾಮ ಕಟ್ಟಿದರು. ಅದು ದೊಡ್ಡ ಕೆಲಸ. ಆದರೆ ಮರದ ಮನೆಯನ್ನು ಬಿಚ್ಚಿ ಜೋಡಿಸಬಹುದು, ಮಣ್ಣಿನ ಗೋಡೆಯನ್ನು ಕೆಡವಬಹುದು ಅಷ್ಟೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಳಗೆ ಬಾಳುವವರದು. ಅಣ್ಣತಮ್ಮಂದಿರಲ್ಲಿ ಪಾಲಾದ ಮನೆಯಲ್ಲಿ ಕರ್ಲು ಹಾಕಿಸುವ ಖರ್ಚು ಯಾರದು? ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಮಲಗಿ ಪರಂಪರೆ ಕಾಯಿರಿ ಎನ್ನಲು ಬಾಯಿ ಬರುವುದಿಲ್ಲ. ಹೊಳಲ್ಕೆರೆ, ಹೊಸದುರ್ಗದಲ್ಲಿ ಅಡಕೆ ಬೆಳೆದು ಆರ್‌ಸಿಸಿ ಮನೆ ಕಟ್ಟಿಸಿದವರನ್ನು ದೂರುವುದೂ ತಪ್ಪು.

ದೂರಬೇಕಾದದ್ದು ಕೊಳ್ಳುವ ಕರಾರನ್ನು. ಸಿಸಿಲಿಯ ಸಾಂಬೂಕಾ ಊರು 2019ರಲ್ಲಿ ಪಾಳುಮನೆಗಳನ್ನು ಒಂದು ಯೂರೋಗೆ ಮಾರಲು ಹೊರಟಾಗ 3 ವರ್ಷದೊಳಗೆ ದುರಸ್ತಿ ಮಾಡಿಸಬೇಕೆಂದು ಷರತ್ತು ಹಾಕಿತು, 5,000 ಯೂರೋ ಠೇವಣಿಯನ್ನೂ ಕೇಳಿತು. ಅಲ್ಲಿ ಕೊಂಡವರ ಮೇಲೆ ಉಳಿಸುವ ಹೊಣೆ ಬಿತ್ತು. ಆದರೆ ನಮ್ಮ ನೋಂದಣಿ ಕಚೇರಿಯಲ್ಲಿ ಹಳತೆಂಬುದು ಬರೀ ನಷ್ಟದ ಲೆಕ್ಕ: ಕಟ್ಟಡ ಹಳತಾದಷ್ಟೂ ಮಾರ್ಗಸೂಚಿ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆ. ಸಿಸಿಲಿಯ ಪಾಳುಮನೆ ಕಲ್ಲಿನದು, ಹಾಗಾಗಿ ಷರತ್ತನ್ನು ಹಾಗೆಯೇ ಎತ್ತಿ ತಂದರೆ ಒಗ್ಗದು. ಇಲ್ಲಿಯದು ವರ್ಷವರ್ಷವೂ ಮಣ್ಣು ಬೇಡುವ ಮನೆ. ಪಂಚಾಯಿತಿ ಸಹಾಯಧನ ಕೊಡುವುದಾದರೆ ಕೊಂಡವರಿಗೆ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳದೆ, ಪ್ರತಿ ಬೇಸಿಗೆ ಕರ್ಲು ಹಾಕುವ ಆಳಿನ ಕೂಲಿಗೆ ಕೊಡಬೇಕಾಗುತ್ತದೆ.