ಹೆಸರಿಗೆ ಬೆಲೆ ಕಟ್ಟುವ ಯಂತ್ರವನ್ನು ಎಷ್ಟು ನಂಬಬಹುದು?

ಇವತ್ತು ನಾವು ಮಾತಾಡೋದು ಒಂದು ವಿಚಿತ್ರ ಆಸ್ತಿ ಬಗ್ಗೆ. ಇದಕ್ಕೆ ಬೇಲಿ ಹಾಕೋಕಾಗಲ್ಲ, ಪಹಣಿ ಇಲ್ಲ, ಲಾಕರ್‌ನಲ್ಲಿ ಇಡೋಕೂ ಆಗಲ್ಲ. ಆದ್ರೂ ಕೋಟಿಗಟ್ಟಲೆ ರೂಪಾಯಿಗೆ ಮಾರಾಟ ಆಗುತ್ತೆ. ಅದೇ ಡೊಮೇನ್ ನೇಮ್, ಅಂದ್ರೆ ವೆಬ್‌ಸೈಟ್‌ನ ವಿಳಾಸ. ಈ ವಿಳಾಸಗಳಿಗೆ ಬೆಲೆ ಹೇಳೋ ಟೂಲ್‌ಗಳು ಈಗ ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಅವು ಹೇಳೋ ಬೆಲೆಯನ್ನ ಎಷ್ಟು ನಂಬಬೇಕು ಅನ್ನೋದೇ ಇವತ್ತಿನ ಪ್ರಶ್ನೆ.

ಕಥೆ ಶುರುವಾಗೋದು 1985ರ ಮಾರ್ಚ್ 15ರಂದು. ಅಮೆರಿಕದ ಸಿಂಬಾಲಿಕ್ಸ್ ಅನ್ನೋ ಕಂಪ್ಯೂಟರ್ ಕಂಪನಿ ಅವತ್ತು ತನ್ನ ಹೆಸರನ್ನ ನೋಂದಾಯಿಸಿತು. ಅದೇ ಜಗತ್ತಿನ ಮೊದಲ ಡಾಟ್ ಕಾಮ್. ಆ ಇಡೀ ವರ್ಷದಲ್ಲಿ ನೋಂದಣಿಯಾದ ಡಾಟ್ ಕಾಮ್ ಹೆಸರುಗಳು ಬರೀ 6. ದುಡ್ಡು? ಒಂದು ಪೈಸೆಯೂ ಇಲ್ಲ. ಕೇಳಿದವರಿಗೆಲ್ಲ ಹೆಸರು ಪುಕ್ಕಟೆ. 1995ರ ಸೆಪ್ಟೆಂಬರ್‌ನಲ್ಲಿ ಇದು ಬದಲಾಯ್ತು. ನೋಂದಣಿ ನೋಡಿಕೊಳ್ಳುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ 2 ವರ್ಷಕ್ಕೆ 100 ಡಾಲರ್ ಶುಲ್ಕ ಹಾಕಿತು. ನಾನು ಬಿಕಾಂ ಓದಿದವನು, ನನ್ನ ಕಣ್ಣಿಗೆ ಕಾಣೋದು ಇಷ್ಟು: ಅವತ್ತು ಹೆಸರಿಗೆ ಒಂದು ಖರ್ಚು ಬಂತು. ಖರ್ಚು ಬೇರೆ, ಬೆಲೆ ಬೇರೆ.

ಬೆಲೆ ಏನು ಅಂತ ಜನಕ್ಕೆ ತೋರಿಸಿದ್ದು ಬಿಸಿನೆಸ್ ಡಾಟ್ ಕಾಮ್. 1997ರಲ್ಲಿ ಅದು 1.5 ಲಕ್ಷ ಡಾಲರ್‌ಗೆ ಮಾರಾಟವಾಯ್ತು. 1999ರಲ್ಲಿ ಅದೇ ಹೆಸರು 75 ಲಕ್ಷ ಡಾಲರ್‌ಗೆ ಹೋಯ್ತು. ಎರಡು ವರ್ಷದಲ್ಲಿ 50 ಪಟ್ಟು! ಹೆಸರಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದು ಮಾರುಕಟ್ಟೆಯ ಹುಮ್ಮಸ್ಸು. ಮರುವರ್ಷವೇ ಡಾಟ್ ಕಾಮ್ ಷೇರುಗಳು ಕುಸಿದವು. ಹೆಸರಿನ ಅಕ್ಷರಗಳನ್ನ ಎಷ್ಟು ಅಳೆದರೂ ಆ ಏರಿಳಿತ ಅದರಲ್ಲಿ ಸಿಗುತ್ತಿರಲಿಲ್ಲ.

ಹೀಗೆ ದುಡ್ಡು ಓಡಾಡೋಕೆ ಶುರುವಾದ ಮೇಲೆ ಬೆಲೆ ಕಟ್ಟೋರೂ ಬಂದ್ರು. ಮೊದಲು ಮನುಷ್ಯರೇ ಫೀಸ್ ತಗೊಂಡು ಸರ್ಟಿಫಿಕೇಟ್ ಕೊಡ್ತಿದ್ರು. ಅದರ ಹಿಂದೆಯೇ ಒಂದು ಮೋಸವೂ ಹುಟ್ಟಿಕೊಳ್ತು. "ನಿಮ್ಮ ಹೆಸರಿಗೆ ದೊಡ್ಡ ಮೊತ್ತ ಕೊಡ್ತೀನಿ, ಆದ್ರೆ ಮೊದಲು ಇಂಥ ಕಡೆಯಿಂದ ಬೆಲೆಯ ಸರ್ಟಿಫಿಕೇಟ್ ತನ್ನಿ" ಅಂತ ಇಮೇಲ್ ಬರುತ್ತೆ. ನೀವು ಫೀಸ್ ಕಟ್ಟಿದ ಮೇಲೆ ಖರೀದಿದಾರ ನಾಪತ್ತೆ. ಈ ಇಮೇಲ್ ಇವತ್ತಿಗೂ ಬರುತ್ತೆ, ಹುಷಾರು.

ಆಮೇಲೆ ಎಸ್ಟಿಬಾಟ್ ಥರದ ಟೂಲ್‌ಗಳು ಬಂದವು. ಗೋಡ್ಯಾಡಿ ಕಂಪನಿ ಮಷಿನ್ ಲರ್ನಿಂಗ್ ಬಳಸಿ ತನ್ನದೇ ಟೂಲ್ ತಂತು. ಇವು ಕೆಲಸ ಮಾಡೋ ರೀತಿ ನಮಗೆ ಹೊಸದೇನಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರ ಗೊತ್ತಲ್ವಾ? ಈ ಬಡಾವಣೆ, ಈ ರಸ್ತೆ, ಚದರಡಿಗೆ ಇಷ್ಟು ಅಂತ. ಇಲ್ಲೂ ಹಾಗೇ. ಹೆಸರಲ್ಲಿ ಎಷ್ಟು ಅಕ್ಷರ, ನಿಘಂಟಿನ ಪದವಾ, ಜನ ಆ ಪದವನ್ನ ಎಷ್ಟು ಹುಡುಕ್ತಾರೆ, ಕೊನೆಯಲ್ಲಿ ಡಾಟ್ ಕಾಮ್ ಇದೆಯಾ ಡಾಟ್ ಇನ್ ಇದೆಯಾ, ಅದನ್ನ ಹೋಲುವ ಹೆಸರುಗಳು ಹಿಂದೆ ಎಷ್ಟಕ್ಕೆ ಮಾರಾಟವಾಗಿವೆ, ಇದೆಲ್ಲ ಸೇರಿಸಿ ಒಂದು ಅಂಕಿ ಕೊಡುತ್ತೆ.

ತುಮಕೂರಿನ ಕೇಳುಗರೊಬ್ಬರು ಮೊನ್ನೆ ಕೇಳಿದ್ರು: ಮಸಾಲೆ ಪುಡಿ ವ್ಯಾಪಾರಕ್ಕೆ ಒಂದು ಹೆಸರು ನೋಡಿದಾರೆ, ಮಾರೋರು 60 ಸಾವಿರ ಕೇಳ್ತಿದಾರೆ, ಟೂಲ್ 2 ಲಕ್ಷ ತೋರಿಸ್ತಿದೆ. ಅಂದ್ರೆ 1 ಲಕ್ಷ 40 ಸಾವಿರ ಲಾಭ ಅಲ್ವಾ? ಅಲ್ಲ. ಲಾಭ ಅನ್ನೋದು ಮಾರಿದ ಮೇಲೆ ಬರೋದು. ಟೂಲ್ ತೋರಿಸಿದ 2 ಲಕ್ಷವನ್ನ ಆ ಟೂಲ್ ಕೊಡಲ್ಲ, ಯಾರೋ ಮನುಷ್ಯ ಕೊಡಬೇಕು. ಹಾಗಾದ್ರೆ ಟೂಲ್‌ಗೆ ಏನು ಕಾಣಲ್ಲ ಅಂತ ನೋಡೋಣ.

ಮೊದಲನೆಯದು, ಅದರ ಲೆಕ್ಕದ ಪುಸ್ತಕವೇ ಅಪೂರ್ಣ. ಎಷ್ಟೋ ಮಾರಾಟಗಳು ಗುಟ್ಟಾಗಿ ನಡೆಯುತ್ತವೆ, ಬೆಲೆ ಹೊರಗೆ ಬರಲ್ಲ. ಹೊರಗೆ ಬಂದ ಬೆಲೆಯೂ ಶುದ್ಧವಾಗಿರಲ್ಲ. 2010ರಲ್ಲಿ ಇನ್ಶೂರೆನ್ಸ್ ಡಾಟ್ ಕಾಮ್ 3.56 ಕೋಟಿ ಡಾಲರ್‌ಗೆ ಹೋಯ್ತು ಅಂತ ಎಲ್ಲ ಪಟ್ಟಿಗಳಲ್ಲೂ ಇರುತ್ತೆ. ಆದ್ರೆ ಆ ಬೆಲೆಯಲ್ಲಿ ಹೆಸರಿನ ಜೊತೆ ನಡೆಯುತ್ತಿದ್ದ ವ್ಯವಹಾರವೂ ಸೇರಿತ್ತು. ಅಂಗಡಿ ಸಮೇತ ಮಾರಿದ್ದನ್ನ ಬರೀ ಬೋರ್ಡ್‌ನ ಬೆಲೆ ಅಂತ ಓದಿದ ಹಾಗೆ.

ಎರಡನೆಯದು, ಕೊಳ್ಳುವವನ ಗರಜು. 2005ರಲ್ಲಿ ಫೇಸ್‌ಬುಕ್ ಡಾಟ್ ಕಾಮ್ ಹೆಸರು ಸಿಕ್ಕಿದ್ದು 2 ಲಕ್ಷ ಡಾಲರ್‌ಗೆ. 2010ರಲ್ಲಿ ಅದೇ ಕಂಪನಿ ಎಫ್‌ಬಿ ಡಾಟ್ ಕಾಮ್ ಅನ್ನೋ ಎರಡಕ್ಷರಕ್ಕೆ 85 ಲಕ್ಷ ಡಾಲರ್ ಕೊಟ್ಟಿತು. ಮಾರಿದ್ದು ಯಾರು ಗೊತ್ತಾ? ಅಮೆರಿಕನ್ ಫಾರ್ಮ್ ಬ್ಯೂರೋ ಫೆಡರೇಷನ್, ಅಂದ್ರೆ ರೈತರ ಸಂಘಟನೆ. ಟೆಸ್ಲಾ ಡಾಟ್ ಕಾಮ್ ಪಡೆಯೋಕೆ 10 ವರ್ಷಕ್ಕಿಂತ ಹೆಚ್ಚು ಸಮಯ ಮತ್ತು 1.1 ಕೋಟಿ ಡಾಲರ್ ಬೇಕಾಯ್ತು ಅಂತ ಇಲಾನ್ ಮಸ್ಕ್ ಅವರೇ ಹೇಳಿದ್ದಾರೆ. ಇಂಥ ಬೆಲೆ ಹುಟ್ಟೋದು ಒಬ್ಬನೇ ಒಬ್ಬ ಗಿರಾಕಿಯ ಹಟದಿಂದ. ಆ ಗಿರಾಕಿ ಇಲ್ಲದಿದ್ರೆ ಬೆಲೆಯೂ ಇಲ್ಲ.

ಮೂರನೆಯದು, ಕಾನೂನು. ಇದರಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. ಸತ್ಯಂ ಇನ್ಫೋವೇ 1999ರಲ್ಲಿ ಸಿಫಿ ಅನ್ನೋ ಪದ ಇಟ್ಟುಕೊಂಡು ಹಲವು ಹೆಸರು ನೋಂದಾಯಿಸಿತ್ತು. ಇನ್ನೊಂದು ಕಂಪನಿ ಒಂದು ಎಫ್ ಹೆಚ್ಚಿಗೆ ಸೇರಿಸಿ ಅಂಥದ್ದೇ ಹೆಸರು ಬಳಸಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದಕ್ಕೆ ಒಪ್ಪಲಿಲ್ಲ. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರವಾಗಿ ತೀರ್ಪು ಕೊಟ್ಟು, ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಇದೆ ಅಂತ ಹೇಳಿತು. ಈಗ ಯೋಚಿಸಿ: ಜನ ಹೆಚ್ಚು ಹುಡುಕುವ ಬ್ರ್ಯಾಂಡ್ ಪದ ಇದ್ದರೆ ಟೂಲ್‌ನ ಅಂಕಿ ಮೇಲೇರಬಹುದು. ಕೋರ್ಟಿನಲ್ಲಿ ಅದೇ ಹೆಸರು ಸೊನ್ನೆ, ಮೇಲೆ ವಕೀಲರ ಫೀಸು.

"ಸ್ವಲ್ಪ ಆಚೀಚೆ ಇರಬಹುದು, ಯಂತ್ರ ಅಷ್ಟೊಂದು ತಪ್ಪು ಹೇಳುತ್ತಾ?" ಅಂತ ಕೇಳೋರಿಗೆ ಮನೆಗಳ ಮಾರುಕಟ್ಟೆಯಿಂದ ಒಂದು ಉದಾಹರಣೆ. ಅಮೆರಿಕದ ಜಿಲ್ಲೋ ಕಂಪನಿ 2006ರಿಂದ ಮನೆಗಳಿಗೆ ಯಂತ್ರದಿಂದ ಬೆಲೆ ಹೇಳ್ತಿತ್ತು. 2018ರಲ್ಲಿ ಬೆಲೆಯ ಅಂದಾಜು ಮಾಡಿ ತಾನೇ ಮನೆ ಕೊಂಡು ಮಾರೋಕೆ ಇಳಿಯಿತು. 2021ರ ನವೆಂಬರ್‌ನಲ್ಲಿ ಆ ವ್ಯಾಪಾರವನ್ನೇ ಮುಚ್ಚಿತು. ಒಂದೇ ತ್ರೈಮಾಸಿಕದಲ್ಲಿ 30 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಬರೆದುಕೊಂಡಿತು, ಸುಮಾರು ಕಾಲು ಭಾಗ ಸಿಬ್ಬಂದಿಯನ್ನ ಮನೆಗೆ ಕಳಿಸಿತು. ಮನೆಗಾದ್ರೆ ಚದರಡಿ ಇದೆ, ಪಕ್ಕದ ಮನೆ ಇದೆ. ಡೊಮೇನ್ ಹೆಸರು ಜಗತ್ತಿನಲ್ಲಿ ಒಂದೇ ಒಂದು. ಪಕ್ಕದ ಮನೆಯೇ ಇಲ್ಲ.

ಹಾಗಂತ ಟೂಲ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಜಳ್ಳು ಯಾವುದು, ಕಾಳು ಯಾವುದು ಅಂತ ಮೊದಲ ಸುತ್ತಿಗೆ ಜರಡಿ ಹಿಡಿಯೋಕೆ ಅದು ಸಾಕು. ದೊಡ್ಡ ಅಂಕಿ ಬಿಟ್ಟು, ಅದರ ಜೊತೆ ಹಳೆಯ ಮಾರಾಟಗಳ ಪಟ್ಟಿ ತೋರಿಸಿದ್ರೆ ಅದನ್ನ ಓದಿ. ನಿಮ್ಮ ಹೆಸರಿಗೂ ಅವಕ್ಕೂ ನಿಜವಾಗಿ ಹೋಲಿಕೆ ಇದೆಯಾ ನೋಡಿ. ಎರಡು ಟೂಲ್‌ಗೆ ಒಂದೇ ಹೆಸರು ಹಾಕಿ, ಬೆಲೆಗಳ ನಡುವಿನ ಅಂತರವೇ ಪಾಠ ಹೇಳುತ್ತೆ. ಟ್ರೇಡ್‌ಮಾರ್ಕ್ ಇದೆಯಾ ಅಂತ ಹುಡುಕಿ. ಪ್ರತಿ ವರ್ಷದ ನವೀಕರಣ ಶುಲ್ಕ ಲೆಕ್ಕಕ್ಕೆ ಹಿಡಿಯಿರಿ. ಮಾರೋರು ಟೂಲ್‌ನ ಸ್ಕ್ರೀನ್‌ಶಾಟ್ ಕಳಿಸಿದ್ರೆ, ಅದು ಅವರ ಜಾಹೀರಾತು ಅಂದ್ಕೊಳ್ಳಿ.

ಇನ್ನು ಸ್ವಂತ ವ್ಯಾಪಾರಕ್ಕೆ ಕೊಳ್ಳೋರು ಕೇಳಬೇಕಾದ ಪ್ರಶ್ನೆಯೇ ಬೇರೆ. ಈ ಹೆಸರು ಸಿಗದಿದ್ರೆ ನಿಮ್ಮ ಎರಡನೇ ಆಯ್ಕೆ ಯಾವುದು? ಹಿಂದೆ ಊರಿನ ಹೆಸರೋ ಇನ್ನೊಂದು ಪದವೋ ಸೇರಿಸಿದ್ರೆ ಮಾಮೂಲಿ ನೋಂದಣಿ ದರಕ್ಕೇ ಒಂದು ಹೆಸರು ಸಿಗಬಹುದು. ಆ ಹೆಸರಿಗಿಂತ ಈ ಹೆಸರು ನಿಮಗೆ ಎಷ್ಟು ಹೆಚ್ಚು ಗಿರಾಕಿಗಳನ್ನ ತರುತ್ತೆ? ನೀವು ಕೊಡಬಹುದಾದ ಗರಿಷ್ಠ ಬೆಲೆ ಅಷ್ಟೇ. ಆ ಲೆಕ್ಕ ನಿಮ್ಮ ವ್ಯಾಪಾರದ ಪುಸ್ತಕದಲ್ಲಿದೆ. ಟೂಲ್‌ಗೆ ಆ ಪುಸ್ತಕ ಕಾಣಲ್ಲ.

ಈ ಸಂಚಿಕೆ ಇಷ್ಟವಾದ್ರೆ, ಹೆಸರು ಕೊಳ್ಳೋಕೆ ಹೊರಟಿರೋ ಸ್ನೇಹಿತರಿಗೆ ದುಡ್ಡು ಕಟ್ಟೋ ಮುಂಚೆಯೇ ಕಳಿಸಿ. ಮುಂದಿನ ವಾರ ಸಿಗೋಣ.