ಬೀಸುವ ಕಲ್ಲು ಮತ್ತು ಬೆನ್ನೆಲುಬು

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಊರಿಗಾಗಿ, ತುರುಗಳಿಗಾಗಿ ಕಾದಿ ಮಡಿದವರ ತೋಳ್ಬಲ ಅಲ್ಲಿ ಕಲ್ಲಾಗಿ ನಿಂತಿದೆ. ಆದರೆ ನಸುಕಿನಲ್ಲೆದ್ದು ರಾಗಿ ಬೀಸಿ, ಬಾವಿಯಿಂದ ನೀರು ಸೇದಿ, ಒನಕೆ ಹಿಡಿದು ಕುಟ್ಟಿದ ಹೆಂಗಸರ ತೋಳ್ಬಲಕ್ಕೆ ಯಾರಾದರೂ ಕಲ್ಲು ನಿಲ್ಲಿಸಿದ್ದನ್ನು, ಚರಿತ್ರೆಯ ಪಾಠ ಹೇಳುವ ನಾನಂತೂ ಕಂಡಿಲ್ಲ.

ಗಂಡಸರ ಕಸರತ್ತಿಗಾದರೆ ಗ್ರಂಥದ ಆಧಾರವೇ ಇದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರು ಹೇಗೆ ಸಾಮು ಮಾಡಬೇಕು, ಏನು ತಿನ್ನಬೇಕು ಎಂಬ ವಿವರಗಳಿವೆ. ದಂಡ, ಬಸ್ಕಿ, ಗದೆ, ಕಲ್ಲುಗುಂಡು ಎಂದು ಆ ವಿದ್ಯೆ ನಮ್ಮ ಕಾಲದ ಗರಡಿಮನೆಗಳವರೆಗೂ ಬಂತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅದಕ್ಕೆ ಹೊಸ ರೂಪ ಕೊಟ್ಟರು. ‘ಶಾಂತಲಾ’ ಕಾದಂಬರಿಯನ್ನು ಬರೆದವರೂ ಅವರೇ. ಆದರೆ ನಮ್ಮೂರ ಕಡೆಯ ಗರಡಿಗಳ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. ನಮಗೆ ಅಡುಗೆಮನೆಯೇ ಗರಡಿ.

ಕಾಲಕ್ರಮದಲ್ಲಿ ಊರಿಗೆ ಹಿಟ್ಟಿನ ಮಿಲ್ಲು ಬಂತು, ಬೀದಿಗೆ ನಲ್ಲಿ ಬಂತು, ಮನೆಗೆ ಮಿಕ್ಸಿ ಬಂತು. ಬಂದದ್ದು ಒಳ್ಳೆಯದೇ ಆಯಿತು. ಬಸುರಿ, ಬಾಣಂತಿಯರೆನ್ನದೆ ದುಡಿಸುತ್ತಿದ್ದ ಆ ದಿನಗಳನ್ನು ಹೊಗಳುವ ಮನಸ್ಸು ನನಗಿಲ್ಲ. ಜೀವಮಾನವೆಲ್ಲ ಬೀಸಿದ ನನ್ನ ಅಜ್ಜಿಯ ಬೆನ್ನು ಕೊನೆಗೆ ಬಿಲ್ಲಿನಂತೆ ಬಾಗಿತ್ತು. ಮೇಲಿಂದ ಮೇಲೆ ಹೆತ್ತು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಮೈಗೆ ಹೊರೆ ಬರೀ ಹೊರೆಯೇ.

ಆದರೂ ಆ ಹೊರೆಯ ಜೊತೆಗೆ ಮೂಳೆಗೆ ಬೇಕಾದದ್ದೊಂದು ಹೊರಟುಹೋಯಿತು. ಮೂಳೆಯನ್ನು ನಾವು ಕಲ್ಲಿನಂಥ ವಸ್ತುವೆಂದು ತಿಳಿಯುತ್ತೇವೆ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯದ ಕಂಬಗಳು ಎಷ್ಟು ಭಾರ ಹೊತ್ತರೂ ಒಂದು ಕೂದಲೆಳೆಯಷ್ಟೂ ದಪ್ಪವಾಗಲಾರವು. ಮೂಳೆ ಹಾಗಲ್ಲ. ಹಳತನ್ನು ಕರಗಿಸುವ, ಹೊಸತನ್ನು ಕಟ್ಟುವ ಜೀವಕೋಶಗಳು ಅದರಲ್ಲಿವೆ. ಭಾರ ಬಿದ್ದ ಕಡೆ ಮೂಳೆ ಗಟ್ಟಿಯಾಗುತ್ತದೆ, ಭಾರ ತಪ್ಪಿದರೆ ಸವೆಯುತ್ತದೆ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಈ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ. ಮೈಯ ಭಾರವೇ ತಿಳಿಯದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ಕ್ಕಿಂತ ಹೆಚ್ಚು ಸವೆದದ್ದೂ ಉಂಟು.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಹೆಂಗಸರ ಮೂಳೆ ಬೇಗ ಬೇಗ ಕರಗುತ್ತದೆ. ಸರಿಯಾಗಿ ಅದೇ ವಯಸ್ಸಿಗೆ, “ಇನ್ನು ಭಾರ ಎತ್ತಬೇಡಮ್ಮ, ಕೂತ್ಕೋ” ಎಂಬ ಉಪಚಾರದ ಮಾತು ಶುರುವಾಗುತ್ತದೆ. ನನ್ನ ಅಕ್ಕನನ್ನೂ ಹೀಗೆಯೇ ಕೂರಿಸಿದೆವು. ಒಂದು ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆಗಿ ಮೂಳೆ ಕೂಡಿತು. ಒಬ್ಬಳೇ ಅಂಗಳಕ್ಕಿಳಿಯುವ ಧೈರ್ಯ ಮಾತ್ರ ತಿರುಗಿ ಬರಲಿಲ್ಲ.

ವಯಸ್ಸಾದ ಮೇಲೆ ಏನೂ ಮಾಡಲಾಗದೆಂಬುದು ಸುಳ್ಳು. 1990ರಲ್ಲಿ ಬಾಸ್ಟನ್ನಿನ ವೈದ್ಯರು 90ರ ಆಸುಪಾಸಿನ ವೃದ್ಧರಿಗೆ 8 ವಾರ ಭಾರದ ವ್ಯಾಯಾಮ ಮಾಡಿಸಿದಾಗ ಅವರ ಕಾಲಿನ ಬಲ ಇಮ್ಮಡಿಗೂ ಮೀರಿತು. 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 50ರಿಂದ 70 ವಯಸ್ಸಿನ ಹೆಂಗಸರು ವಾರಕ್ಕೆ ಎರಡು ದಿನದಂತೆ ಒಂದು ವರ್ಷ ಭಾರ ಎತ್ತಿದರು. ಅವರ ಸೊಂಟ, ಬೆನ್ನಿನ ಮೂಳೆಯ ಸಾಂದ್ರತೆ ಶೇಕಡಾ 1ರಷ್ಟು ಏರಿತು. ಎತ್ತದೆ ಇದ್ದವರಲ್ಲಿ ಶೇಕಡಾ 2ರಷ್ಟು ಇಳಿಯಿತು. 1 ಎಂದರೆ ಅಲ್ಪವೆನಿಸಬಹುದು. ಇಳಿಜಾರಿನಲ್ಲಿ ಉರುಳುವ ಗಾಡಿಯನ್ನು ತಡೆದು ನಿಲ್ಲಿಸಿದ್ದೇ ದೊಡ್ಡದಲ್ಲವೆ? ಸ್ನಾಯು ಬಲಿತು ಹೆಜ್ಜೆ ಗಟ್ಟಿಯಾದರೆ ಬೀಳುವುದೂ ಕಡಿಮೆ.

ಹಾಗೆಂದು ನಾಳೆಯೇ ಅಕ್ಕಿಮೂಟೆಗೆ ಕೈ ಹಾಕಬಾರದು. ಅಜ್ಜಂಪುರದ ಅಮೃತಮಹಲ್ ಹೋರಿಯನ್ನೂ ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವುದಿಲ್ಲ. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಅಂಗೈ ಕೊಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ಹೀಗೆ ಆರಂಭಿಸಿ ಭಾರವನ್ನು ಮೆಲ್ಲಗೆ ಹೆಚ್ಚಿಸಬೇಕು. ಮೊದಲೇ ಮೂಳೆ ಸವೆದವರು, ಮುರಿದುಕೊಂಡವರು ವೈದ್ಯರನ್ನು ಕೇಳಿ, ಬಲ್ಲವರ ಕಣ್ಣೆದುರೇ ಮಾಡಬೇಕು. ಜೊತೆಗೆ ರಾಗಿ, ಹಾಲು, ಬೇಳೆಕಾಳು, ಎಳೆಬಿಸಿಲಲ್ಲದ ತುಸು ಬಲಿತ ಬಿಸಿಲೂ ಬೇಕು.

ನಮ್ಮ ಊರುಗಳಲ್ಲಿ ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಸೆರಗು ಸಿಕ್ಕಿಸಿ ಅರ್ಧ ಗಂಟೆ ಭಾರ ಎತ್ತಿದರೆ ಯಾರೂ ಬೇಡವೆನ್ನಲಾರರು. ನಗುವವರು ನಾಲ್ಕು ದಿನ ನಕ್ಕಾರು. ಐದನೆಯ ದಿನ ಅವರ ಮನೆಯ ಹೆಂಗಸರೂ ಬಂದು ಸಾಲಿನಲ್ಲಿ ನಿಲ್ಲುತ್ತಾರೆ.