ಟ್ಯಾಬ್‌ನಿಂದ ಟ್ಯಾಗ್‌ವರೆಗೆ: ತಂತ್ರಾಂಶ ಕಟ್ಟುವ ಕಡತಗಳ ಕಥೆ

ನೀವು ಗಣಕದಲ್ಲಿ ಬಳಸುವ ಯಾವುದಾದರೂ ದೊಡ್ಡ ತಂತ್ರಾಂಶವನ್ನು ತೆಗೆದುಕೊಳ್ಳಿ. ಅದು ಒಂದೇ ಕಡತದಲ್ಲಿ ಬರೆದದ್ದಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಆಕರ ಕಡತಗಳಲ್ಲಿ ಹಂಚಿಕೊಂಡಿರುತ್ತದೆ. ಪ್ರತಿ ಕಡತವನ್ನೂ ಕಂಪೈಲರ್ ಯಂತ್ರಭಾಷೆಗೆ ಪರಿವರ್ತಿಸಬೇಕು, ಹಾಗೆ ಬಂದ ತುಣುಕುಗಳನ್ನು ಲಿಂಕರ್ ಜೋಡಿಸಬೇಕು, ಆಮೇಲೆ ಪರೀಕ್ಷೆ. ಈ ಇಡೀ ಸರಣಿಗೆ ತಂತ್ರಜ್ಞರು 'ಬಿಲ್ಡ್' ಎನ್ನುತ್ತಾರೆ. ಇದರಲ್ಲಿ ಕಷ್ಟವೇನು ಎಂದು ನೀವು ಕೇಳಬಹುದು. ಒಂದು ಕಡತವನ್ನು ತಿದ್ದಿದಾಗ ಯಾವ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕು? ಎಲ್ಲವನ್ನೂ ಮಾಡಿದರೆ ಸಮಯ ದಂಡ. ಒಂದನ್ನು ಬಿಟ್ಟರೂ ಹಳೆಯ ತುಣುಕು ಹೊಸ ತಂತ್ರಾಂಶದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹೀಗೇ ಆಯಿತು. ಸ್ಟೀವ್ ಜಾನ್ಸನ್ ಎಂಬ ಗಣಕ ವಿಜ್ಞಾನಿ ಒಂದಿಡೀ ಬೆಳಗನ್ನು ದೋಷ ಹುಡುಕುವುದರಲ್ಲಿ ಕಳೆದರು. ದೋಷವನ್ನು ಆಗಲೇ ತಿದ್ದಲಾಗಿತ್ತು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ರೇಗಿಕೊಂಡು ಅವರು ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್‌ರ ಕೋಣೆಗೆ ಬಂದರೆ, ಹಿಂದಿನ ಸಂಜೆ ಫೆಲ್ಡ್‌ಮನ್‌ರದೂ ಅದೇ ಪಾಡಾಗಿತ್ತು! ಆ ವಾರಾಂತ್ಯದಲ್ಲೇ ಹುಟ್ಟಿದ್ದು 'ಮೇಕ್'. ಅದರ ತತ್ತ್ವ ಬಲು ಸರಳ. ತಯಾರಾಗಬೇಕಾದ ಕಡತ ಯಾವುದು, ಅದು ಯಾವ ಕಡತಗಳನ್ನು ಅವಲಂಬಿಸಿದೆ, ತಯಾರಿಸುವ ಆಜ್ಞೆ ಯಾವುದು - ಈ ಮೂರನ್ನು 'ಮೇಕ್‌ಫೈಲ್' ಎಂಬ ಕಡತದಲ್ಲಿ ಬರೆದಿಡಬೇಕು. ಮೇಕ್ ಆ ಕಡತಗಳ ಮೇಲಿನ ಸಮಯದ ಮುದ್ರೆಗಳನ್ನು ಹೋಲಿಸುತ್ತದೆ. ಆಕರವು ಉತ್ಪನ್ನಕ್ಕಿಂತ ಹೊಸದಾಗಿದ್ದರೆ ಮಾತ್ರ ಆಜ್ಞೆ ನಡೆಯುತ್ತದೆ.

ಭೌತವಿಜ್ಞಾನದವನಾದ ನನಗೆ ಈ ಪಾಠ ಅಗ್ಗವಾಗಿ ಸಿಗಲಿಲ್ಲ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಫೋರ್ಟ್ರಾನ್‌ನಲ್ಲಿ ಕಣಗಳ ಚಲನೆಯನ್ನು ಲೆಕ್ಕ ಹಾಕುತ್ತಿದ್ದೆ. ಕಾಲದ ಹೆಜ್ಜೆಯ ಅಳತೆ ಎಲ್ಲರೂ ಹಂಚಿಕೊಳ್ಳುವ ಒಂದು ಕಡತದಲ್ಲಿತ್ತು. ಅದನ್ನು ಅರ್ಧಕ್ಕಿಳಿಸಿ, ಕೆಲವು ಕಡತಗಳನ್ನಷ್ಟೇ ಕಂಪೈಲ್ ಮಾಡಿದೆ. ಮೊತ್ತದ ಶಕ್ತಿ ಸ್ಥಿರವಾಗಿರಬೇಕಾದದ್ದು ಏರತೊಡಗಿತು. ಎರಡು ದಿನ ಸಮೀಕರಣಗಳನ್ನೇ ಅನುಮಾನಿಸಿದೆ. ಅರ್ಧ ಪ್ರೋಗ್ರಾಮು ಹಳೆಯ ಹೆಜ್ಜೆಯಲ್ಲಿ, ಇನ್ನರ್ಧ ಹೊಸ ಹೆಜ್ಜೆಯಲ್ಲಿ ನಡೆಯುತ್ತಿತ್ತು! ಶಕ್ತಿ ಏರಿದ್ದು ಪುಣ್ಯ. ಏರದಿದ್ದರೆ ಆ ತಪ್ಪು ಫಲಿತಾಂಶ ಪ್ರಬಂಧದೊಳಗೆ ಹೋಗಿಬಿಡುತ್ತಿತ್ತು.

ಮೇಕ್‌ನಲ್ಲಿ ಒಂದು ಕುತ್ತಿತ್ತು. ಆಜ್ಞೆಯ ಸಾಲು 'ಟ್ಯಾಬ್' ಅಕ್ಷರದಿಂದಲೇ ಆರಂಭವಾಗಬೇಕು. ತೆರೆಯ ಮೇಲೆ ಟ್ಯಾಬ್ ಮತ್ತು ಎಂಟು ಖಾಲಿ ಜಾಗಗಳು ಒಂದೇ ಥರ ಕಾಣುತ್ತವೆ. ಮೇಕ್‌ಗೆ ಮಾತ್ರ ಬೇರೆ ಬೇರೆ. ಕೆಲವೇ ವಾರಗಳಲ್ಲಿ ಫೆಲ್ಡ್‌ಮನ್‌ರಿಗೆ ಈ ತೊಂದರೆ ಗೊತ್ತಾಗಿತ್ತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ಗೆಳೆಯರೇ, ಅದನ್ನು ಬಳಸತೊಡಗಿದ್ದರು. ಅವರ ಕಡತಗಳು ಕೆಡುವುದು ಬೇಡವೆಂದು ಸುಮ್ಮನಾದರು.

ಎರಡು ದಶಕಗಳ ನಂತರ, 1998ರ ಫೆಬ್ರವರಿಯಲ್ಲಿ, ಎಕ್ಸ್‌ಎಂಎಲ್ ಭಾಷೆಯ ಮೊದಲ ಶಿಫಾರಸು ಹೊರಬಿತ್ತು. ಮಾಹಿತಿಯ ಪ್ರತಿ ಅಂಶವನ್ನೂ ಆರಂಭದ ಮತ್ತು ಅಂತ್ಯದ ಟ್ಯಾಗ್‌ಗಳ ನಡುವೆ ಇಡುವ, ಒಂದರೊಳಗೊಂದು ಸೇರಿಸುವ ವಿಧಾನ ಇದು. ಖಾಲಿ ಜಾಗ ಎಷ್ಟಿದ್ದರೂ ಟ್ಯಾಗ್‌ಗಳ ಜೋಡಣೆ ಕೆಡದು. ಒಂದು ಟ್ಯಾಗ್ ಮುಚ್ಚದೆ ಬಿಟ್ಟರೆ ಓದುವ ತಂತ್ರಾಂಶ ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ. ಯುನಿಕೋಡ್ ಆಧಾರಿತವಾದ್ದರಿಂದ ಟ್ಯಾಗ್‌ಗಳ ಹೆಸರನ್ನು ಕನ್ನಡದಲ್ಲೇ ಬರೆಯಲೂ ನಿಯಮದಲ್ಲಿ ಅಡ್ಡಿಯಿಲ್ಲ.

ಆಗ ಸನ್ ಕಂಪನಿಯಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ 'ಟಾಮ್‌ಕ್ಯಾಟ್' ಎಂಬ ಜಾವಾ ತಂತ್ರಾಂಶವನ್ನು ಮುಕ್ತ ಆಕರವಾಗಿಸುವ ಸಿದ್ಧತೆಯಲ್ಲಿದ್ದರು. ಜಾವಾ ಪ್ರೋಗ್ರಾಮು ಯಾವ ಗಣಕದಲ್ಲಾದರೂ ಓಡುತ್ತದೆ. ಅದನ್ನು ಕಟ್ಟುವ ಮೇಕ್‌ಫೈಲ್ ಓಡದು, ಏಕೆಂದರೆ ಅದರೊಳಗಿನ ಆಜ್ಞೆಗಳು ಆಯಾ ಕಾರ್ಯಾಚರಣ ವ್ಯವಸ್ಥೆಗೆ ಸೇರಿದವು. ಟ್ಯಾಬ್‌ನ ಕಾಟವೂ ಅವರಿಗೆ ಸಾಕಾಗಿತ್ತು. ಅವರು ಬರೆದ 'ಆಂಟ್' 2000ದ ಜುಲೈನಲ್ಲಿ ಸ್ವತಂತ್ರವಾಗಿ ಬಿಡುಗಡೆಯಾಯಿತು. ಇರುವೆ ಎಂಬ ಅರ್ಥವಿದ್ದರೂ ಹೆಸರು 'ಅನದರ್ ನೀಟ್ ಟೂಲ್' ಎಂಬುದರ ಹ್ರಸ್ವರೂಪ. ಅದರ ಎಕ್ಸ್‌ಎಂಎಲ್ ಕಡತದಲ್ಲಿ ಹೊರಗಿನ ಟ್ಯಾಗ್ ಇಡೀ ಯೋಜನೆ. ಒಳಗೆ 'ಟಾರ್ಗೆಟ್' ಎಂಬ ಗುರಿಗಳು, ಅವು ಯಾವ ಗುರಿಯ ನಂತರ ನಡೆಯಬೇಕೆಂಬ ಸೂಚನೆ. ಅವುಗಳೊಳಗೆ ಕಂಪೈಲ್ ಮಾಡು, ನಕಲು ಮಾಡು ಎಂಬ ಕೆಲಸಗಳು. ಪ್ರತಿ ಕೆಲಸದ ಹಿಂದೆ ಜಾವಾ ಪ್ರೋಗ್ರಾಮೇ ಇರುವುದರಿಂದ ಗಣಕ ಬದಲಾದರೂ ಚಿಂತೆಯಿಲ್ಲ. ಮುಂದೆ ಬಂದ 'ಮೇವನ್' ಕಡತಗಳಿಗೆ ಮೊದಲೇ ಜಾಗ ನಿಗದಿಮಾಡಿ ಬರೆಯುವುದನ್ನು ಇನ್ನಷ್ಟು ಕಡಿಮೆ ಮಾಡಿತು.

ಮೈಕ್ರೋಸಾಫ್ಟ್ ಪಾಳೆಯದಲ್ಲಿ ತೊಡಕು ಬೇರೆ. ವಿಷುಯಲ್ ಸ್ಟುಡಿಯೋದ ಯೋಜನಾ ಕಡತ 2002ರ ಆವೃತ್ತಿಯಲ್ಲೇ ಎಕ್ಸ್‌ಎಂಎಲ್‌ನಲ್ಲಿತ್ತು; ಆದರೆ ಕಟ್ಟುವ ವಿಧಾನ ಸ್ಟುಡಿಯೋದ ಹೊಟ್ಟೆಯೊಳಗೆ ಅಡಗಿತ್ತು. ಹೀಗಾಗಿ ಕಟ್ಟುವ ಗಣಕದಲ್ಲೂ ಸ್ಟುಡಿಯೋ ಇರಬೇಕಿತ್ತು. 2005ರಲ್ಲಿ ಡಾಟ್‌ನೆಟ್ 2.0ರ ಜೊತೆ ಬಂದ 'ಎಂಎಸ್‌ಬಿಲ್ಡ್' ಆ ವಿಧಾನವನ್ನು ಹೊರಗೆಳೆದು ಎಕ್ಸ್‌ಎಂಎಲ್‌ನಲ್ಲೇ ಬರೆಯಿತು. ಒಂದೇ ಯೋಜನಾ ಕಡತವನ್ನು ಸ್ಟುಡಿಯೋ ಓದಬಲ್ಲದು, ಸ್ಟುಡಿಯೋ ಇಲ್ಲದ ಗಣಕವೂ ರಾತ್ರಿ ತಾನೇ ಓದಿ ಕಟ್ಟಬಲ್ಲದು. ಗುರಿಯ ಆಕರ ಮತ್ತು ಉತ್ಪನ್ನಗಳನ್ನು ಹೇಳಿದರೆ ಸಮಯದ ಮುದ್ರೆಗಳನ್ನು ಹೋಲಿಸುತ್ತದೆ, ಫೆಲ್ಡ್‌ಮನ್‌ರ ಉಪಾಯವೇ!

ಆದರೆ ಪಾಕವಿಧಾನ ಎಂದೂ ಬರೀ ಪಟ್ಟಿಯಾಗಿ ಉಳಿಯುವುದಿಲ್ಲ. 'ಈ ಗಣಕವಾದರೆ ಹೀಗೆ, ಇಲ್ಲವಾದರೆ ಹಾಗೆ' ಎಂಬ ಷರತ್ತುಗಳು ನುಸುಳುತ್ತವೆ, ಪುನರಾವರ್ತನೆಗಳು ಬರುತ್ತವೆ. ಎಕ್ಸ್‌ಎಂಎಲ್ ಇದಕ್ಕೆ ಹೇಳಿಮಾಡಿಸಿದ ಭಾಷೆಯಲ್ಲ. 'ಗಿಂತ ಕಡಿಮೆ' ಎಂಬ ಗಣಿತ ಚಿಹ್ನೆ ಅಲ್ಲಿ ಟ್ಯಾಗ್‌ನ ಆರಂಭ. ಆದ್ದರಿಂದ ಷರತ್ತಿನಲ್ಲಿ ಆ ಒಂದು ಚಿಹ್ನೆಯ ಬದಲು ನಾಲ್ಕು ಅಕ್ಷರಗಳ ಸಂಕೇತ ಬರೆಯಬೇಕು. ತಾವು ಸ್ಕ್ರಿಪ್ಟಿಂಗ್ ಭಾಷೆಯೊಂದನ್ನು ಬಳಸಬೇಕಿತ್ತೆಂದು ಡೇವಿಡ್‌ಸನ್ ಅವರೇ ಮುಂದೆ ಹೇಳಿಕೊಂಡರು. ಆ ದಾರಿ ಹಿಡಿದ 'ಗ್ರೇಡಲ್' ಗ್ರೂವಿ ಎಂಬ ಭಾಷೆಯನ್ನು ಬಳಸಿತು. 2013ರಲ್ಲಿ ಗೂಗಲ್ ಅದನ್ನು ಆಂಡ್ರಾಯ್ಡ್‌ಗೆ ಆರಿಸಿಕೊಂಡಿತು. ನನ್ನ ಒಲವು ಇನ್ನೂ ಪಟ್ಟಿಯ ಕಡೆಗೇ. ಪ್ರೋಗ್ರಾಮು ಏನು ಮಾಡುತ್ತದೆಂದು ತಿಳಿಯಲು ಅದನ್ನು ಓಡಿಸಬೇಕು; ಪಟ್ಟಿಯನ್ನು ಓದಿದರೆ ಸಾಕು.

ಮೈಕ್ರೋಸಾಫ್ಟ್ ಕೂಡ ಎಕ್ಸ್‌ಎಂಎಲ್ ಬಿಟ್ಟುನೋಡಿತು. ಹಳೆಯ ಯೋಜನಾ ಕಡತದಲ್ಲಿ ಪ್ರತಿ ಆಕರ ಕಡತದ ಹೆಸರೂ ಇರಬೇಕಿತ್ತು. ಇಬ್ಬರು ಒಂದೊಂದು ಹೊಸ ಕಡತ ಸೇರಿಸಿದರೂ ತಿದ್ದುಪಡಿಗಳು ಡಿಕ್ಕಿ ಹೊಡೆಯುತ್ತಿದ್ದವು. ಡಾಟ್‌ನೆಟ್ ಕೋರ್‌ಗಾಗಿ ಜೇಸನ್ ಎಂಬ ಚುಟುಕು ಬರಹಕ್ರಮವನ್ನು ತಂದರು. ಎಂಎಸ್‌ಬಿಲ್ಡ್ ನಂಬಿ ಕೂತಿದ್ದ ಹಳೆಯ ಯೋಜನೆಗಳ ಜೊತೆ ಅದು ಹೊಂದಲಿಲ್ಲ. 2016ರಲ್ಲಿ ಹಿಂದಿರುಗುವ ತೀರ್ಮಾನವಾಯಿತು. 2017ರ ವಿಷುಯಲ್ ಸ್ಟುಡಿಯೋದಲ್ಲಿ ಬಂದ ಹೊಸ ಕಡತವೂ ಎಕ್ಸ್‌ಎಂಎಲ್‌ನದೇ. ಆದರೆ ಕಡತಗಳ ಹೆಸರುಗಳಿಲ್ಲದೆ ಕೆಲವೇ ಸಾಲುಗಳಿಗೆ ಇಳಿದಿತ್ತು.

ಮೇಕ್ ಕೂಡ ಸತ್ತಿಲ್ಲ. ಲಿನಕ್ಸ್ ತಿರುಳನ್ನು ಕಟ್ಟುವುದು ಇಂದಿಗೂ ಅದರಿಂದಲೇ. ಗ್ನೂ ಮೇಕ್‌ನ 2010ರ ಆವೃತ್ತಿ ಟ್ಯಾಬ್‌ಗೆ ಬದಲಾಗಿ ಬೇರೆ ಅಕ್ಷರ ಆರಿಸಿಕೊಳ್ಳುವ ಸೌಲಭ್ಯ ಕೊಟ್ಟಿತು. ನೀವು ಏನನ್ನೂ ಆರಿಸದಿದ್ದರೆ ಮಾತ್ರ ಟ್ಯಾಬೇ ಬೇಕು.